ಏಳನೆಯ ತರಗತಿಯ ಮಗಳು ಏಕೆ ಮೌನವಾದಳು?

ಬೆಳಗ್ಗೆ ಮದ್ರಸ ಬಿಡುವ ಹೊತ್ತಿಗೆ ತಾಯಿಯೊಬ್ಬರು ಮಗಳ ಶಾಲೆಯ ಅಂಕಪಟ್ಟಿ ಹಿಡಿದು ಬಂದರು. “ಉಸ್ತಾದ್, ಐದನೆಯ ತನಕ ಇವಳೇ ಕ್ಲಾಸಿಗೆ ಮೊದಲು. ಈಗ ಏಳರಲ್ಲಿ ಗಣಿತ ಪಾಸಾಗುವುದೇ ಕಷ್ಟ. ಕೇಳಿದರೆ ಬಾಯಿ ಬಿಡುವುದಿಲ್ಲ. ಬೈದೂ ಆಯಿತು, ಮೊಬೈಲ್ ತೆಗೆದಿಟ್ಟೂ ಆಯಿತು.” ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಅಂಕಪಟ್ಟಿ ಬದಿಗಿಟ್ಟು ಅವಳ ಚೀಲದಿಂದ ಗಣಿತದ ನೋಟ್ ಪುಸ್ತಕ ತೆಗೆಸಿದೆ.

1/2ಕ್ಕೆ 1/3 ಕೂಡಿಸುವ ಲೆಕ್ಕಕ್ಕೆ ಅವಳು 2/5 ಎಂದು ಬರೆದಿದ್ದಳು. ಪುಟ ಪುಟದಲ್ಲೂ ಅದೇ ತಪ್ಪು, ಅದೇ ಕೆಂಪು ಗೀಟು.

“ನಿನ್ನ ತಟ್ಟೆಯಲ್ಲಿ ಅರ್ಧ ಪತ್ತಿರ್ ಇದೆ. ಉಮ್ಮ ಇನ್ನಷ್ಟು ಹಾಕಿದರು. ಈಗ ಅರ್ಧಕ್ಕಿಂತ ಹೆಚ್ಚೋ, ಕಡಿಮೆಯೋ?”

“ಹೆಚ್ಚು.”

“ನೀನು ಬರೆದ 2/5?”

ಸ್ವಲ್ಪ ಯೋಚಿಸಿ ನಕ್ಕುಬಿಟ್ಟಳು. ಅದು ಅರ್ಧಕ್ಕಿಂತ ಕಡಿಮೆ! ಪತ್ತಿರನ್ನು ಆರು ತುಂಡು ಮಾಡಿದರೆ ಅರ್ಧಕ್ಕೆ ಮೂರು ತುಂಡು, ಮೂರನೆಯ ಒಂದು ಪಾಲಿಗೆ ಎರಡು. ಒಟ್ಟು ಐದು, ಅಂದರೆ 5/6. ಇಷ್ಟಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ.

ಆರನೆಯ ತರಗತಿಯಿಂದ ಮಕ್ಕಳ ಮೇಲೆ ಹೊರೆ ಒಮ್ಮೆಲೇ ಏರುತ್ತದೆ. ವಿಷಯಕ್ಕೊಬ್ಬರು ಅಧ್ಯಾಪಕರು, ಮೂರನೆಯ ಭಾಷೆ, ಗಣಿತದಲ್ಲಿ ಅಂಕಿಯ ಜಾಗಕ್ಕೆ ಅಕ್ಷರ. ಮುಂಜಾನೆ ಮದ್ರಸ, ಆಮೇಲೆ ಶಾಲೆ, ಸಂಜೆ ಟ್ಯೂಷನ್. ನಿದ್ದೆ ಸಾಲದ ಮಗುವನ್ನು ನಾವು ಸೋಮಾರಿ ಎನ್ನುತ್ತೇವೆ. (ಇದರಲ್ಲಿ ನಮ್ಮ ಮದ್ರಸಗಳ ಪಾಲೂ ಇದೆ, ಒಪ್ಪಿಕೊಳ್ಳಬೇಕು.) “ನಾನು ಓದಿದವಳಲ್ಲ, ಏನು ಹೇಳಿಕೊಡಲಿ?” ಎಂದು ತಾಯಂದಿರು ಕೇಳುತ್ತಾರೆ. ಹೇಳಿಕೊಡಬೇಕಾಗಿಲ್ಲ. ಅಡುಗೆ ಮಾಡುತ್ತಲೇ, “ಇಂದಿನ ಪಾಠ ನನಗೆ ಅರ್ಥವಾಗುವಂತೆ ಹೇಳು” ಎನ್ನಿ. ಎಲ್ಲಿ ತಡವರಿಸುತ್ತಾಳೋ ಅಲ್ಲಿ ಅವಳಿಗೂ ಅರ್ಥವಾಗಿಲ್ಲ. ಅದನ್ನು ಗುರುತು ಹಾಕಿ ಅಧ್ಯಾಪಕರ ಬಳಿ ಕಳುಹಿಸಿ.

ಹಝ್ರತ್ ಅನಸ್(ರ) ಪ್ರವಾದಿ(ಸ)ಯವರ ಸೇವೆಗೆ ಬಂದಾಗ ಅವರಿಗೆ ಸುಮಾರು ಹತ್ತು ವರ್ಷ, ಹೆಚ್ಚುಕಡಿಮೆ ಇದೇ ಪ್ರಾಯ. ಒಮ್ಮೆ ಕೆಲಸಕ್ಕೆ ಕಳುಹಿಸಿದರೆ ದಾರಿಯಲ್ಲಿ ಆಡುವ ಹುಡುಗರ ಬಳಿ ನಿಂತುಬಿಟ್ಟರು. ಪ್ರವಾದಿ(ಸ) ಹಿಂದಿನಿಂದ ಬಂದು ಅವರ ಕುತ್ತಿಗೆ ಹಿಡಿದರು. ತಿರುಗಿ ನೋಡಿದರೆ ಪ್ರವಾದಿ(ಸ) ನಗುತ್ತಿದ್ದರು! ಇನ್ನೊಮ್ಮೆ ತಡವಾಗಿ ಮನೆಗೆ ಬಂದ ಅನಸ್(ರ), ಪ್ರವಾದಿ(ಸ) ಕಳುಹಿಸಿದ ಕೆಲಸ ಗುಟ್ಟಿನದು ಎಂದಾಗ ತಾಯಿ ಉಮ್ಮು ಸುಲೈಮ್(ರ) ಗದರಿಸಲಿಲ್ಲ. ಆ ಗುಟ್ಟನ್ನು ಯಾರಿಗೂ ಹೇಳಬೇಡ ಎಂದರು. ಎರಡೂ ಸಹೀಹ್ ಮುಸ್ಲಿಮ್‌ನಲ್ಲಿವೆ.

ಹುಡುಗಿಯರ ಮೌನಕ್ಕೆ ಇನ್ನೊಂದು ಕಾರಣವೂ ಇರುತ್ತದೆ. ಮೊದಲ ಮುಟ್ಟು ಸಾಮಾನ್ಯವಾಗಿ ಈ ತರಗತಿಗಳಲ್ಲೇ ಆಗುತ್ತದೆ. ಆಗುವ ಮೊದಲೇ ತಾಯಿ ಹೇಳಿರಬೇಕು. ಆ ದಿನಗಳ ನಮಾಝ್ ಮತ್ತೆ ನಿರ್ವಹಿಸಬೇಕಿಲ್ಲ, ಬಿಟ್ಟ ಉಪವಾಸ ಪೂರ್ತಿ ಮಾಡಬೇಕು, ಶಾಲೆ ಬಿಡಬೇಕಿಲ್ಲ ಎಂಬುದನ್ನೂ. ಗೆಳತಿಯಿಂದ ಅರೆಬರೆ ತಿಳಿದ ಮಗು ಹೆದರಿ ಹಿಂದಿನ ಬೆಂಚು ಸೇರುತ್ತದೆ.

ನಮ್ಮ ಎಷ್ಟೋ ಊರುಗಳಲ್ಲಿ ಶಾಲೆ ಏಳಕ್ಕೇ ಮುಗಿಯುತ್ತದೆ. ಎಂಟಕ್ಕೆ ಬಸ್ ಹತ್ತಬೇಕು. ಹೆಣ್ಣುಮಕ್ಕಳ ಓದು ನಿಲ್ಲುವ ಅಪಾಯ ಇರುವುದು ಅಲ್ಲೇ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಎಂಟನೆಯವರೆಗಿನ ಶಿಕ್ಷಣವನ್ನು ಹಕ್ಕಾಗಿಸಿದೆ. ಆದರೆ ಬಸ್ಸಿಗೆ ಜೊತೆ ಯಾರು ಎಂಬುದನ್ನು ಮನೆಯವರೇ ನೋಡಬೇಕು. ಒಂದೇ ಬೀದಿಯ ನಾಲ್ಕು ಹುಡುಗಿಯರು ಒಟ್ಟಿಗೆ ಸೇರಿದರೆ ಅರ್ಧ ಚಿಂತೆ ಮುಗಿಯಿತು.

ಆ ತಾಯಿ ಕಳೆದ ವಾರ ಮತ್ತೆ ಬಂದಿದ್ದರು. ಕೈಯಲ್ಲಿ ಅಂಕಪಟ್ಟಿ ಇರಲಿಲ್ಲ. “ಉಸ್ತಾದ್, ಹೈಸ್ಕೂಲಿಗೆ ಬೆಳಗ್ಗಿನ ಬಸ್ ಎಷ್ಟು ಗಂಟೆಗೆ?” ಎಂದು ಕೇಳಿದರು.