ಫಾಸ್ ಇನ್ನೊಂದು ಫಾಸ್ ಜೊತೆ ಯಾಕೆ ಸೇರುವುದಿಲ್ಲ?

ಜೀನೊಂದು ಕೆಲಸ ಶುರುಮಾಡಬೇಕಾದರೆ ಅದಕ್ಕೆ ತಕ್ಕ ಪ್ರೊಟೀನ್‌ಗಳು ಹೋಗಿ ಡಿಎನ್‌ಎಯ ಗೊತ್ತಾದ ಜಾಗದಲ್ಲಿ ಕೂರಬೇಕು. ಇವುಗಳಲ್ಲಿ ಹಲವು ಒಂಟಿಯಾಗಿ ಬಂದರೆ ಪ್ರಯೋಜನವಿಲ್ಲ. ಇಕ್ಕಳದ ಎರಡು ಕಾಲುಗಳ ಹಾಗೆ ಜೋಡಿಯಾಗಿ ಬಂದು ಎಳೆಯನ್ನು ಎರಡೂ ಬದಿಯಿಂದ ಹಿಡಿಯಬೇಕು.

ಫಾಸ್ ಮತ್ತು ಜುನ್ ಅಂಥ ಒಂದು ಜೋಡಿ. ಎರಡೂ ಮೊದಲು ಕಣ್ಣಿಗೆ ಬಿದ್ದದ್ದು ಕ್ಯಾನ್ಸರ್ ತರುವ ವೈರಸ್‌ಗಳಲ್ಲಿ: ಫಾಸ್ ಇಲಿಗಳ ವೈರಸ್ಸಿನಲ್ಲಿ, ಜುನ್ ಕೋಳಿಗಳ ವೈರಸ್ಸಿನಲ್ಲಿ. ಆ ಕೋಳಿ ವೈರಸ್ಸಿನ ಸಂಖ್ಯೆ 17. ಜಪಾನಿ ಭಾಷೆಯಲ್ಲಿ ಹದಿನೇಳಕ್ಕೆ ‘ಜು-ನಾನಾ’ ಎನ್ನುತ್ತಾರೆ, ಜುನ್ ಹೆಸರು ಅಲ್ಲಿಂದ ಬಂತು. ನಮ್ಮ ಕೋಶಗಳಲ್ಲೂ ಇವೆರಡು ಇವೆ.

ಜುನ್ ಇನ್ನೊಂದು ಜುನ್ ಜೊತೆ ಕೂಡಬಲ್ಲದು. ಫಾಸ್ ಮತ್ತೊಂದು ಫಾಸ್ ಜೊತೆ ನಿಲ್ಲಲಾರದು. ಎರಡನ್ನೂ ಬೆರೆಸಿಟ್ಟರೆ ಸಿಗುವುದು ಹೆಚ್ಚಾಗಿ ಫಾಸ್-ಜುನ್ ಜೋಡಿಯೇ. ಅಣುಗಳಿಗೆ ಈ ಆಯ್ಕೆ ಹೇಗೆ ಸಾಧ್ಯ?

1988ರಲ್ಲಿ ಸ್ಟೀವನ್ ಮೆಕ್‌ನೈಟ್ ಮತ್ತು ಸಂಗಡಿಗರು ಇಂಥ ಪ್ರೊಟೀನ್‌ಗಳಲ್ಲಿ ಪ್ರತಿ ಏಳನೆಯ ಅಮೈನೋ ಆಮ್ಲ ಲ್ಯೂಸಿನ್ ಆಗಿರುವುದನ್ನು ಗಮನಿಸಿದರು. ಪ್ರೊಟೀನ್ ಸುರುಳಿಯ ಒಂದು ಸುತ್ತಿಗೆ 3.6 ಅಮೈನೋ ಆಮ್ಲಗಳು. ಏಳು ಎಂದರೆ ಹೆಚ್ಚುಕಡಿಮೆ ಎರಡು ಸುತ್ತು, ಹಾಗಾಗಿ ಲ್ಯೂಸಿನ್‌ಗಳೆಲ್ಲ ಸುರುಳಿಯ ಒಂದೇ ಮಗ್ಗುಲಿಗೆ ಸಾಲಾಗಿ ಬರುತ್ತವೆ. ಎರಡು ಸುರುಳಿಗಳ ಲ್ಯೂಸಿನ್‌ಗಳು ಬ್ಯಾಗಿನ ಜಿಪ್ ಹಲ್ಲುಗಳಂತೆ ಒಂದರೊಳಗೊಂದು ಕೂರುತ್ತವೆ ಎಂದುಕೊಂಡು ಅವರು ‘ಲ್ಯೂಸಿನ್ ಜಿಪ್ಪರ್’ ಎಂದು ಹೆಸರಿಟ್ಟರು. 1991ರಲ್ಲಿ ಯೀಸ್ಟಿನ ಜಿಸಿಎನ್‌4 ಎಂಬ ಪ್ರೊಟೀನಿನ ರಚನೆ ಸಿಕ್ಕಾಗ ಕಂಡದ್ದು ಬೇರೆ. ಲ್ಯೂಸಿನ್‌ಗಳು ಅಕ್ಕಪಕ್ಕ ಕೂತಿದ್ದವು. ಎರಡು ಸುತ್ತಿಗೆ ಏಳಲ್ಲ, 7.2 ಬೇಕು. ಆ ಚೂರು ವ್ಯತ್ಯಾಸದಿಂದ ಲ್ಯೂಸಿನ್ ಸಾಲು ಮೆಲ್ಲಗೆ ಓರೆಯಾಗುತ್ತದೆ, ಅದನ್ನು ಹಿಂಬಾಲಿಸುತ್ತ ಸುರುಳಿಗಳು ಹಗ್ಗದ ಎಳೆಗಳಂತೆ ಹೊಸೆದುಕೊಳ್ಳುತ್ತವೆ. ಹೆಸರು ಮಾತ್ರ ಹಾಗೇ ಉಳಿಯಿತು.

ಲ್ಯೂಸಿನ್‌ಗೆ ನೀರು ಒಗ್ಗುವುದಿಲ್ಲ. ನೀರಿನಿಂದ ತಪ್ಪಿಸಿಕೊಳ್ಳಲು ಅವು ಒಟ್ಟಾಗುತ್ತವೆ. ಇದರಿಂದ ಅಂಟು ಅರ್ಥವಾಗುತ್ತದೆ, ಆಯ್ಕೆ ಅರ್ಥವಾಗುವುದಿಲ್ಲ, ಯಾಕೆಂದರೆ ಲ್ಯೂಸಿನ್ ಎಲ್ಲರ ಬಳಿಯೂ ಇದೆ.

ಗುಟ್ಟು ಇರುವುದು ಲ್ಯೂಸಿನ್ ಸಾಲಿನ ಎರಡು ಅಂಚುಗಳಲ್ಲಿ. ಫಾಸ್‌ನ ಅಂಚಿನಲ್ಲಿ ಋಣ ವಿದ್ಯುದಂಶದ ಆಮ್ಲೀಯ ಘಟಕಗಳೇ ಹೆಚ್ಚು, ಜುನ್‌ನ ಅಂಚಿನಲ್ಲಿ ಧನ ವಿದ್ಯುದಂಶದವು. ಎರಿನ್ ಓಶೆ ಮತ್ತು ಪೀಟರ್ ಕಿಮ್ 1989ರಲ್ಲಿ ಜಿಪ್ಪರ್ ಭಾಗಗಳನ್ನಷ್ಟೇ ತಯಾರಿಸಿ ಬೆರೆಸಿದರು. ಫಾಸ್-ಜುನ್ ಜೋಡಿಗೆ ಕನಿಷ್ಠ 1000 ಪಟ್ಟು ಒಲವು ಕಂಡಿತು. 1992ರಲ್ಲಿ ಅವರ ತಂಡ, ಫಾಸ್ ಮತ್ತು ಜುನ್‌ಗಳಿಂದ ಎಂಟೆಂಟು ಅಮೈನೋ ಆಮ್ಲಗಳನ್ನು ತೆಗೆದು ಬೇರೆ ಜಿಪ್ಪರ್‌ಗೆ ಕೂಡಿಸಿದರೂ ಈ ಒಲವು ಬರುತ್ತದೆ ಎಂದು ತೋರಿಸಿತು.

ಧನ-ಋಣದ ಸೆಳೆತವೇ ಕಾರಣ ಎಂದು ಮೊದಲು ಅನ್ನಿಸುತ್ತದೆ. ನನ್ನನ್ನು ಬೆರಗಾಗಿಸಿದ್ದು ಅದಲ್ಲ. ಇಲ್ಲಿ ದೊಡ್ಡ ಪಾಲು ವಿಕರ್ಷಣೆಯದು: ಎರಡು ಫಾಸ್ ಹತ್ತಿರ ಬಂದರೆ ಋಣಗಳು ಒಂದನ್ನೊಂದು ತಳ್ಳುತ್ತವೆ, ಜೋಡಿ ಬಿಚ್ಚಿಕೊಳ್ಳುತ್ತದೆ. ಫಾಸ್ ಜುನ್ ಕಡೆ ಹೋಗುವುದು ಮುಖ್ಯವಾಗಿ ತನ್ನಂಥದ್ದರ ಜೊತೆ ಇರಲಾರದೆ.

ಜಿಸಿಎನ್‌4ರ ನಡುವೆಯೂ ಇದೇ ಜಾಣ್ಮೆ ಇದೆ. ನೀರೊಲ್ಲದ ಘಟಕಗಳ ಮಧ್ಯೆ ಒಂದೇ ಒಂದು ಆಸ್ಪರಜಿನ್, ನೀರಿಗೆ ಒಗ್ಗುವ ಅಮೈನೋ ಆಮ್ಲ. ಅದನ್ನು ಕಿತ್ತು ನೀರೊಲ್ಲದ ವ್ಯಾಲಿನ್ ಇಟ್ಟರೆ ಹಿಡಿತ ಬಿಗಿಯಾಗುತ್ತದೆ. ಆದರೆ ಆಗ ಎರಡರ ಜೋಡಿಗಳ ಜೊತೆಗೆ ಮೂರು ಸುರುಳಿಗಳು ಹೊಸೆದುಕೊಂಡ ಕಟ್ಟುಗಳೂ ಹುಟ್ಟುತ್ತವೆ. ಆಸ್ಪರಜಿನ್ ಇದ್ದಷ್ಟು ಕಾಲ ಹಿಡಿತ ಕೊಂಚ ಸಡಿಲ, ಆದರೆ ಮೂರನೆಯದಕ್ಕೆ ಅಲ್ಲಿ ಜಾಗವಿಲ್ಲ.