ಹೊರಡದ ಕಾರು

ಮಲೆನಾಡಿನ ಒಂದು ಹಳ್ಳಿ. ಆಷಾಢದ ಮಳೆ ಬಿಡದೆ ಸುರಿಯುತ್ತಿರುವ ರಾತ್ರಿ. ಹೆರಿಗೆಯ ನೋವು ಕಾಣಿಸಿಕೊಂಡ ಹೆಣ್ಣುಮಗಳೊಬ್ಬಳನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕಾಗಿದೆ. ಅಂಗಳದಲ್ಲಿ ಬಾಡಿಗೆಯ ಕಾರು ಸಿದ್ಧವಾಗಿ ನಿಂತಿದೆ. ಚಾಲಕನು ಕೀಲಿಕೈಯನ್ನು ತಿರುಗಿಸುತ್ತಾನೆ. 'ಟಕ್' ಎಂಬ ಸಣ್ಣ ಸದ್ದೊಂದು ಕೇಳಿಸುತ್ತದೆ. ಆದರೆ ಎಂಜಿನ್ನು ತಿರುಗುವುದಿಲ್ಲ. ಮತ್ತೊಮ್ಮೆ ತಿರುಗಿಸಿದರೂ ಅದೇ ಸದ್ದು. ನೆರೆದವರಲ್ಲಿ ಒಬ್ಬರು ಪೆಟ್ರೋಲು ಮುಗಿದಿದೆ ಎನ್ನುತ್ತಾರೆ. ಇನ್ನೊಬ್ಬರು ಬ್ಯಾಟರಿ ಸತ್ತಿದೆ ಎನ್ನುತ್ತಾರೆ. ಮೂರನೆಯವರು ಹೊರಟ ಗಳಿಗೆಯೇ ಸರಿಯಿಲ್ಲವೆಂದು ನಿಟ್ಟುಸಿರು ಬಿಡುತ್ತಾರೆ. ಚಾಲಕನು ಮಾತ್ರ ಯಾರಿಗೂ ಉತ್ತರ ಕೊಡದೆ, ಆ ಸದ್ದಿನ ಕಡೆಗೇ ಕಿವಿಗೊಟ್ಟು ಯೋಚಿಸುತ್ತಾನೆ. ಏಕೆಂದರೆ ಆ 'ಟಕ್' ಶಬ್ದಕ್ಕೆ ಒಂದು ಅರ್ಥವಿದೆ.

ಆ ಅರ್ಥವನ್ನು ತಿಳಿಯಬೇಕಾದರೆ ಕಾರು ಹೊರಡುವ ಬಗೆಯನ್ನು ಮೊದಲು ತಿಳಿಯಬೇಕು. ಪೆಟ್ರೋಲು ಎಂಜಿನ್ನು ತಾನಾಗಿಯೇ ಚಲನೆಯನ್ನು ಆರಂಭಿಸಲಾರದು. ಮೊದಲ ಕೆಲವು ಸುತ್ತುಗಳನ್ನು ಬೇರೊಂದು ಶಕ್ತಿ ತಿರುಗಿಸಿಕೊಡಬೇಕು. ಹಿಂದಿನ ಕಾಲದಲ್ಲಿ ಈ ಕೆಲಸವನ್ನು ಮನುಷ್ಯನ ತೋಳು ಮಾಡುತ್ತಿತ್ತು. ಕಾರಿನ ಮುಂಭಾಗಕ್ಕೆ ಕಬ್ಬಿಣದ ಹಿಡಿಯನ್ನು ಸಿಕ್ಕಿಸಿ ಬಲವಾಗಿ ತಿರುಗಿಸಬೇಕಾಗಿತ್ತು. ಕೆಲವೊಮ್ಮೆ ಎಂಜಿನ್ನು ಹಿಮ್ಮುಖವಾಗಿ ಒದೆದು, ಹಿಡಿ ತಿರುಗಿಸುವವರ ಕೈಯೇ ಮುರಿಯುತ್ತಿತ್ತು. ಈ ಅಪಾಯವನ್ನು ನೀಗಿಸಿದವರಲ್ಲಿ ಪ್ರಮುಖನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಮೊದಲು ಶಾಲಾ ಉಪಾಧ್ಯಾಯನಾಗಿದ್ದ ಇವನು, ಮುಂದೆ ಅಂಗಡಿಗಳ ಹಣದ ಯಂತ್ರಕ್ಕೆ ಪುಟ್ಟ ವಿದ್ಯುತ್ ಮೋಟಾರನ್ನು ಅಳವಡಿಸಿದ್ದನು. ಕೆಲವೇ ಕ್ಷಣ ದುಡಿಯಬೇಕಾದ ಮೋಟಾರು ಗಾತ್ರದಲ್ಲಿ ದೊಡ್ಡದಾಗಿರಬೇಕಿಲ್ಲ ಎಂಬುದನ್ನು ಅವನು ಕಂಡುಕೊಂಡಿದ್ದನು. ಅದೇ ತತ್ತ್ವದ ಮೇಲೆ ಅವನು ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಳಕೆಗೆ ಬಂದಿತು.

ಸ್ಟಾರ್ಟರ್ ಮೋಟಾರಿಗೆ ಶಕ್ತಿ ದೊರೆಯುವುದು ಬ್ಯಾಟರಿಯಿಂದ. ಸೀಸದ ಫಲಕಗಳನ್ನೂ ದುರ್ಬಲ ಗಂಧಕಾಮ್ಲವನ್ನೂ ಒಳಗೊಂಡ ಆರು ಕೋಶಗಳು ಸೇರಿ ಸುಮಾರು 12 ವೋಲ್ಟುಗಳನ್ನು ನೀಡುತ್ತವೆ. ಎಂಜಿನ್ನನ್ನು ತಿರುಗಿಸಲು ನೂರು, ನೂರೈವತ್ತು ಆಂಪಿಯರುಗಳಷ್ಟು ಭಾರಿ ಪ್ರವಾಹ ಬೇಕಾಗುತ್ತದೆ. ಇಷ್ಟು ಪ್ರವಾಹ ಕೀಲಿಕೈಯ ಪುಟ್ಟ ಸ್ವಿಚ್ಚಿನ ಮೂಲಕ ಹರಿದರೆ ಅದು ಸುಟ್ಟುಹೋದೀತು. ಆದುದರಿಂದ ನಡುವೆ ಸೊಲೆನಾಯ್ಡ್ ಎಂಬ ವಿದ್ಯುತ್ಕಾಂತವಿದೆ. ಕೀಲಿಕೈ ಕಳುಹಿಸುವ ಅಲ್ಪ ಪ್ರವಾಹದಿಂದ ಅದು ಕಬ್ಬಿಣದ ಸರಳೊಂದನ್ನು ಸೆಳೆಯುತ್ತದೆ. ಆ ಸರಳು ಸ್ಟಾರ್ಟರಿನ ಹಲ್ಲುಚಕ್ರವನ್ನು ಎಂಜಿನ್ನಿನ ಹಲ್ಲುಚಕ್ರಕ್ಕೆ ಸೇರಿಸಿ, ಭಾರಿ ಪ್ರವಾಹದ ದಾರಿಯನ್ನು ತೆರೆಯುತ್ತದೆ. 'ಟಕ್' ಎನ್ನುವುದು ಈ ಸರಳಿನ ಸದ್ದು.

ಈಗ ಚಾಲಕನ ಯೋಚನೆಯ ದಾರಿ ನಮಗೆ ತಿಳಿಯುತ್ತದೆ. ಪೆಟ್ರೋಲು ಮುಗಿದಿದ್ದರೆ ಎಂಜಿನ್ನು ಹೊತ್ತಿಕೊಳ್ಳುತ್ತಿರಲಿಲ್ಲ, ನಿಜ. ಆದರೆ ಸ್ಟಾರ್ಟರ್ ಅದನ್ನು ತಿರುಗಿಸುತ್ತಿತ್ತು. ಇಲ್ಲಿ ತಿರುಗುವಿಕೆಯೇ ಇಲ್ಲ. ಆದ್ದರಿಂದ ದೋಷವನ್ನು ಹುಡುಕಬೇಕಾದುದು ಬ್ಯಾಟರಿ, ತಂತಿಗಳ ಜೋಡಣೆ, ಸೊಲೆನಾಯ್ಡ್, ಸ್ಟಾರ್ಟರ್ ಇವುಗಳಲ್ಲಿ. ಅಪರೂಪಕ್ಕೆ, ಬಿಗಿದು ನಿಂತ ಎಂಜಿನ್ನಿನಲ್ಲಿ.

ಸದ್ದು 'ಟಕಟಕಟಕ' ಎಂದು ಒಂದೇ ಸಮನೆ ಬರುತ್ತಿದ್ದರೆ ಸಾಮಾನ್ಯವಾಗಿ ಬ್ಯಾಟರಿ ಬಲಗುಂದಿದೆ ಎಂದು ತಿಳಿಯಬೇಕು. ಭಾರಿ ಪ್ರವಾಹದ ದಾರಿ ತೆರೆದೊಡನೆ ವೋಲ್ಟೇಜು ಕುಸಿಯುತ್ತದೆ. ವಿದ್ಯುತ್ಕಾಂತ ಸರಳನ್ನು ಕೈಬಿಡುತ್ತದೆ. ಹೊರೆ ತಪ್ಪಿದೊಡನೆ ವೋಲ್ಟೇಜು ಚೇತರಿಸಿಕೊಂಡು ಸರಳು ಮತ್ತೆ ಸೆಳೆಯಲ್ಪಡುತ್ತದೆ. ಸದ್ದು ಒಂದೇ ಸಲ ಬಂದು ನಿಂತರೆ ದೀಪಗಳ ಸಾಕ್ಷ್ಯವನ್ನು ಕೇಳಬೇಕು. ದೀಪಗಳು ಮಂಕಾಗದೆ ಬೆಳಗುತ್ತಿದ್ದರೆ ಸ್ಟಾರ್ಟರಿನೊಳಕ್ಕೆ ಪ್ರವಾಹ ಹರಿಯುತ್ತಿಲ್ಲ. ಸೊಲೆನಾಯ್ಡಿನ ಸಂಪರ್ಕಗಳು ಸುಟ್ಟಿರಬಹುದು, ಇಲ್ಲವೆ ಸ್ಟಾರ್ಟರಿನ ಬ್ರಷ್ಷುಗಳು ಸವೆದಿರಬಹುದು. ದೀಪಗಳು ಒಮ್ಮೆಲೇ ನಂದಿಹೋದಂತಾದರೆ ಮೊದಲು ಬ್ಯಾಟರಿಯ ಜೋಡಣೆಗಳನ್ನು ನೋಡಬೇಕು.

ಮುಂದಿನ ದೀಪಗಳು ಚೆನ್ನಾಗಿ ಉರಿಯುತ್ತಿದ್ದರೆ ಜೋಡಣೆ ಸರಿಯಿದೆಯೆಂದಲ್ಲವೆ? ಹಾಗೆಂದು ಭಾವಿಸುವುದು ತಪ್ಪು. ಜರ್ಮನಿಯ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವನ್ನು ಇಲ್ಲಿ ನೆನೆಯಬೇಕು. ಕಿಲುಬು ಹಿಡಿದ ಜೋಡಣೆಯ ರೋಧ ಕೇವಲ 0.02 ಓಮ್ ಎಂದಿಟ್ಟುಕೊಳ್ಳೋಣ. ದೀಪಗಳಿಗೆ ಬೇಕಾದ 10 ಆಂಪಿಯರ್ ಪ್ರವಾಹಕ್ಕೆ ಅಲ್ಲಿ ನಷ್ಟವಾಗುವುದು 0.2 ವೋಲ್ಟು ಮಾತ್ರ. ಅದು ಕಣ್ಣಿಗೆ ತಿಳಿಯದು. ಆದರೆ ಸ್ಟಾರ್ಟರಿಗಾಗಿ 150 ಆಂಪಿಯರ್ ಹರಿಯಬೇಕಾದರೆ 3 ವೋಲ್ಟುಗಳು ಅಲ್ಲಿಯೇ ನಷ್ಟವಾಗಬೇಕು. ಹನ್ನೆರಡರಲ್ಲಿ ಮೂರನ್ನು ಕಳೆದುಕೊಂಡ ಮೇಲೆ ಎಂಜಿನ್ನನ್ನು ತಿರುಗಿಸುವ ಬಲ ಉಳಿಯುವುದು ಕಷ್ಟ. ಹೀಗೆ ಒಳ್ಳೆಯ ಬ್ಯಾಟರಿಯನ್ನು ದೂರಿ, ಹೊಸದಕ್ಕೆ ಹಣ ಸುರಿದವರು ಅನೇಕರು.

ಚಾಲಕನು ದೀಪಗಳನ್ನು ಬೆಳಗಿಸಿ ಕೀಲಿಕೈಯನ್ನು ತಿರುಗಿಸುತ್ತಾನೆ. ಟಕ್! ದೀಪಗಳು ಕಣ್ಣುಮುಚ್ಚುತ್ತವೆ. ಅವನು ಕೀಲಿಕೈಯನ್ನು ತೆಗೆದು, ಬಾನೆಟ್ಟನ್ನು ಎತ್ತಿ, ಟಾರ್ಚಿನ ಬೆಳಕಿನಲ್ಲಿ ನೋಡುತ್ತಾನೆ. ಒಬ್ಬರು ಸೀಮೆಎಣ್ಣೆಯ ದೀಪ ತಂದಾಗ ಅದನ್ನು ದೂರವಿಡಲು ಹೇಳುತ್ತಾನೆ. ಬ್ಯಾಟರಿಯಿಂದ ಹೊಮ್ಮುವ ಜಲಜನಕಕ್ಕೆ ಒಂದು ಕಿಡಿಯೂ ಸಾಕು. ಬ್ಯಾಟರಿಯ ತುದಿಯಲ್ಲಿ ಹಸಿರು ಬೆರೆತ ಬಿಳಿಯ ಕಿಲುಬು ಹೂವಿನಂತೆ ಅರಳಿದೆ. ಮೊದಲು ಋಣ ತುದಿಯನ್ನೂ ಅನಂತರ ಧನ ತುದಿಯನ್ನೂ ಬಿಚ್ಚಿ, ಅಡಿಗೆಸೋಡ ಬೆರೆಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ಹೊಳೆಯುವಂತೆ ಕೆರೆದು, ಮೊದಲು ಧನ ತುದಿಯನ್ನು, ಆಮೇಲೆ ಋಣ ತುದಿಯನ್ನು ಬಿಗಿಯಾಗಿ ಜೋಡಿಸುತ್ತಾನೆ.

ಈ ಸಲ ಕೀಲಿಕೈ ತಿರುಗಿದಾಗ ಎಂಜಿನ್ನು ಗುಡುಗುತ್ತದೆ. ಕಾರು ಮಳೆಯ ಕತ್ತಲೆಯನ್ನು ಸೀಳಿಕೊಂಡು ಆಸ್ಪತ್ರೆಯ ದಾರಿ ಹಿಡಿಯುತ್ತದೆ. ಹೊಸ ಭಾಗವೊಂದನ್ನೂ ಯಾರೂ ತರಲಿಲ್ಲ; ಒಂದು ಚೊಂಬು ಬಿಸಿನೀರು, ಒಂದು ಚಿಟಿಕೆ ಸೋಡ ಸಾಕಾಯಿತು. ಗಾಬರಿಯಾಗಬೇಕಾದ ಹೊತ್ತಿನಲ್ಲಿ ಒಬ್ಬನು ಕಾರಣವನ್ನು ಹುಡುಕಿದನು. ಆ ರಾತ್ರಿ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದುದು ಕಾರೊಂದೇ ಅಲ್ಲ; ಆ ತಿಳಿವೂ ಹೌದು.