ಕ್ಷಮತ್ವವೆಂಬ ಶಬ್ದವೂ ದೇಹರಕ್ಷಣೆಯ ನೂತನ ಸಂಶೋಧನೆಗಳೂ

ಪಾರಿಭಾಷಿಕ ಶಬ್ದಗಳನ್ನು ಕಟ್ಟುವವರು ವಸ್ತುವಿನ ಸ್ವರೂಪವನ್ನು ವಿಚಾರಿಸಿ ಹೆಸರಿಡುವುದುಂಟು. ಮೊದಲು ಕಣ್ಣಿಗೆ ಬಿದ್ದ ಒಂದು ಗುಣವನ್ನು ಹಿಡಿದು ಹೆಸರಿಡುವುದೂ ಉಂಟು. ಎರಡನೆಯ ರೀತಿಯಲ್ಲಿ ಹುಟ್ಟಿದ ಶಬ್ದವು ಶಾಸ್ತ್ರವು ಬೆಳೆದಂತೆಲ್ಲ ಅರ್ಥಕ್ಕೆ ಇಕ್ಕಟ್ಟಾಗುತ್ತ ಬರುತ್ತದೆ. ಪಾಠಪುಸ್ತಕಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಈಗ ರೂಢವಾಗಿರುವ ‘ರೋಗನಿರೋಧಕ ಶಕ್ತಿ’ ಎಂಬುದು ಅಂತಹ ಶಬ್ದವೆಂದು ನಮ್ಮ ಅಭಿಪ್ರಾಯ. ಶಕ್ತಿಯೆಂದಮೇಲೆ ಅದು ಹೆಚ್ಚಿದಷ್ಟೂ ಒಳ್ಳೆಯದೆಂಬ ಭಾವನೆಯು ತಾನಾಗಿಯೇ ಬರುತ್ತದೆ. ಅದನ್ನು ಹೆಚ್ಚಿಸುವುವೆಂದು ಹೇಳಿ ಮಾರುವ ಚೂರ್ಣ, ಲೇಹ್ಯ, ಪಾನಕಗಳಿಗೆ ೨೦೨೦ರ ಮಹಾಮಾರಿಯ ಕಾಲದಿಂದ ಲೆಕ್ಕವೇ ಇಲ್ಲ. ಆದರೆ ಕಳೆದ ಅರವತ್ತು ವರ್ಷಗಳ ಸಂಶೋಧನೆಯು, ವಿಶೇಷವಾಗಿ ೨೦೨೫ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಸಂಶೋಧನೆಯು, ತೋರಿಸಿಕೊಟ್ಟಿರುವ ಸಂಗತಿಯೇ ಬೇರೆಯಾಗಿದೆ. ಶರೀರದ ಈ ರಕ್ಷಣಾವ್ಯವಸ್ಥೆಯು ಬೆಳೆಯುವಾಗ ಅದರ ಶ್ರಮದಲ್ಲಿ ಬಹುಭಾಗವು ಯಾರನ್ನು ಹೊಡೆಯಬಾರದೆಂಬುದನ್ನು ಕಲಿಯುವುದರಲ್ಲಿ ವ್ಯಯವಾಗುತ್ತದೆ.

ಮೊದಲು ಶಬ್ದವಿಚಾರ. ಇಂಗ್ಲಿಷಿನ ‘ಇಮ್ಯೂನಿಟಿ’ ಎಂಬುದು ಲ್ಯಾಟಿನ್ ಭಾಷೆಯ ‘ಇಮ್ಮೂನಿಸ್’ ಶಬ್ದದಿಂದ ಬಂದಿರುವುದು. ‘ಮೂನುಸ್’ ಎಂದರೆ ರಾಜ್ಯಕ್ಕೆ ಸಲ್ಲಿಸತಕ್ಕ ಸೇವೆ, ಹೊರೆ. ಅದರಿಂದ ವಿನಾಯಿತಿ ಪಡೆದವನು ಇಮ್ಮೂನಿಸ್. ನಮ್ಮ ಶಾಸನಗಳು ದತ್ತಿಯ ಭೂಮಿಯನ್ನು ‘ಸರ್ವಬಾಧಾಪರಿಹಾರ’ವೆಂದೂ ‘ಸರ್ವಮಾನ್ಯ’ವೆಂದೂ ವರ್ಣಿಸುವುದನ್ನು ವಾಚಕರು ಬಲ್ಲರು, ರೋಮನರ ಶಬ್ದವು ಅದಕ್ಕೆ ಸರಿಜೋಡಿ. ಒಮ್ಮೆ ಸಿಡುಬನ್ನು ಅನುಭವಿಸಿದವನು ಆ ತೆರಿಗೆಯನ್ನು ಮತ್ತೆ ತೆರಬೇಕಾಗಿಲ್ಲವೆಂಬ ಭಾವವೇ ವೈದ್ಯರು ಅದನ್ನು ಬಳಸಿಕೊಂಡುದಕ್ಕೆ ಆಧಾರ. ಶಕ್ತಿಯ ಮಾತು ಅಲ್ಲಿಲ್ಲ. ಸಂಸ್ಕೃತದಲ್ಲಿ, ಚರಕಸಂಹಿತೆಯ ಸೂತ್ರಸ್ಥಾನದ ೨೮ನೆಯ ಅಧ್ಯಾಯದಲ್ಲಿ, ‘ವ್ಯಾಧಿಕ್ಷಮತ್ವ’ ಎಂಬ ಶಬ್ದವು ಕಾಣುತ್ತದೆ. ೧೧ನೆಯ ಶತಮಾನದ ವ್ಯಾಖ್ಯಾನಕಾರನಾದ ಚಕ್ರಪಾಣಿದತ್ತನು, ಬಂದ ವ್ಯಾಧಿಯ ಬಲವನ್ನು ಎದುರಿಸುವುದು, ವ್ಯಾಧಿಯು ಹುಟ್ಟದಂತೆ ತಡೆಯುವುದು ಎಂದು ಅದಕ್ಕೆ ಎರಡು ಬಗೆಯಾಗಿ ಅರ್ಥಮಾಡಿದ್ದಾನೆ. ‘ಕ್ಷಮ್’ ಧಾತುವಿಗೆ ಸಹನೆಯೆಂದರ್ಥ. ‘ಕ್ಷಮ’ನೆಂದರೆ ಸಮರ್ಥನೂ ಹೌದು, ತಾಳಿಕೊಳ್ಳುವವನೂ ಹೌದು. ಪ್ರಾಚೀನರಿಗೆ ಬಿಳಿಯ ರಕ್ತಕಣಗಳ ಜ್ಞಾನವಿತ್ತೆಂದು ಇದರಿಂದ ಸಾಧಿಸಹೊರಡುವುದು ಮಮಕಾರವೇ ಹೊರತು ಪಾಂಡಿತ್ಯವಲ್ಲ. ಶಬ್ದವು ಈಗಿನ ಅರ್ಥಕ್ಕೆ ಒದಗಿಬರುತ್ತದೆಯೆಂಬಷ್ಟೇ ನಮ್ಮ ಮಾತು. ಅದು ಹೇಗೆ ಒದಗುತ್ತದೆಂಬುದನ್ನು ಮುಂದೆ ವಿವರಿಸುವೆವು.

ರೋಗಾಣುವು ಚರ್ಮವನ್ನೋ ಲೋಳೆಪೊರೆಯನ್ನೋ ದಾಟಿ ಒಳಹೊಕ್ಕಾಗ ಮೊದಲು ಎದುರಾಗುವುವು ನುಂಗುವ ಕಣಗಳು. ಇವುಗಳ ಸ್ವಭಾವವನ್ನು ಮೆಚ್ನಿಕಾಫನು ೧೮೮೨ರಲ್ಲಿ ಸಿಸಿಲಿಯ ಮೆಸ್ಸೀನ ನಗರದಲ್ಲಿ, ನಕ್ಷತ್ರಮೀನಿನ ಮರಿಗಳಿಗೆ ಮುಳ್ಳನ್ನು ಚುಚ್ಚಿ ನೋಡಿ ಕಂಡುಕೊಂಡನು. ಇವು ಕೆಲವು ಗಂಟೆಗಳಲ್ಲಿಯೇ ಕೆಲಸಕ್ಕೆ ತೊಡಗುವುವು. ಆದರೆ ಇಂತಹುದೇ ಶತ್ರುವೆಂಬ ವಿಶೇಷಜ್ಞಾನವು ಇವಕ್ಕಿಲ್ಲ. ಆ ಜ್ಞಾನವು ಲಿಂಫಕಣಗಳದು. ಶತ್ರುವಿನ ತುಣುಕೊಂದನ್ನು ಬೇರೆ ಕೆಲವು ಕಣಗಳು ಹೊತ್ತು ಸಮೀಪದ ಲಿಂಫಗ್ರಂಥಿಗೆ ಒಯ್ದು ತೋರಿಸುವುವು. ಅದನ್ನು ಗುರುತಿಸಬಲ್ಲ ಅಲ್ಪಸಂಖ್ಯೆಯ ಲಿಂಫಕಣಗಳು ಮಾತ್ರ ಎಚ್ಚತ್ತು, ಸುಮಾರು ಒಂದು ವಾರದಲ್ಲಿ ಲಕ್ಷಗಟ್ಟಲೆಯಾಗಿ ವೃದ್ಧಿಯಾಗುವುವು. ಅವುಗಳಲ್ಲಿ ಬಿ ಕಣಗಳೆಂಬುವು ಪ್ರತಿಕಾಯಗಳನ್ನು ಸ್ರವಿಸುತ್ತವೆ. ಟಿ ಕಣಗಳೆಂಬುವು ಸೋಂಕು ತಗಲಿದ ಕಣಗಳನ್ನು ತಾವೇ ಕೊಲ್ಲುತ್ತವೆ, ಇಲ್ಲವೆ ಇತರರಿಗೆ ಸಹಾಯಮಾಡುತ್ತವೆ. ಯುದ್ಧವು ಮುಗಿದಮೇಲೆ ಬಹುಪಾಲು ಸತ್ತು, ನೆನಪುಳ್ಳ ಕೆಲವು ಉಳಿಯುತ್ತವೆ. ಲಸಿಕೆಯ ರಹಸ್ಯವೆಲ್ಲ ಈ ನೆನಪಿನಲ್ಲಿದೆ.

ಇಲ್ಲಿ ಒಂದು ಆಕ್ಷೇಪವು ಹುಟ್ಟುತ್ತದೆ. ಹಿಂದೆಂದೂ ಕಾಣದ ರೋಗಾಣುವನ್ನು ಗುರುತಿಸುವ ಕಣವು ಮೊದಲೇ ಇರುವುದೆಂತು? ಇದಕ್ಕೆ ಸಮಾಧಾನವನ್ನು ಜಪಾನಿನ ಸುಸುಮು ಟೊನೆಗಾವಾ ಎಂಬವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಕೆಲಸಮಾಡುತ್ತ ೧೯೭೬ರಲ್ಲಿ ಪ್ರಕಟಿಸಿದರು. ೧೯೮೭ರ ಪಾರಿತೋಷಕವು ಅದಕ್ಕಾಗಿ ಬಂದಿತು. ವೈಯಾಕರಣರಿಗೆ ಇದು ಸುಲಭವಾಗಿ ಹಿಡಿಸುತ್ತದೆ. ಪರಿಮಿತವಾದ ಧಾತುಗಳಿಗೆ ಪರಿಮಿತವಾದ ಪ್ರತ್ಯಯಗಳನ್ನು ಹತ್ತಿಸಿ ಅಪರಿಮಿತ ರೂಪಗಳನ್ನು ಸಾಧಿಸುವಂತೆ, ಪ್ರತಿಕಾಯವನ್ನು ನಿರ್ಮಿಸುವ ಜೀನುಗಳೂ ತುಂಡುತುಂಡುಗಳಾಗಿದ್ದು, ಪ್ರತಿಯೊಂದು ಕಣವೂ ಬೆಳೆಯುವಾಗ ಒಂದೊಂದು ವರ್ಗದಿಂದ ಒಂದೊಂದು ತುಂಡನ್ನು ಆರಿಸಿ ಜೋಡಿಸಿಕೊಳ್ಳುತ್ತದೆ. ಮನುಷ್ಯನಲ್ಲಿ ಪ್ರತಿಕಾಯದ ದೊಡ್ಡ ಸರಪಣಿಗೆ ಮೊದಲ ವರ್ಗದ ತುಂಡುಗಳು ಸುಮಾರು ೪೦, ಎರಡನೆಯವು ೨೦ಕ್ಕೆ ಮಿಕ್ಕು, ಮೂರನೆಯವು ೬. ಇಷ್ಟರಿಂದಲೇ ಸುಮಾರು ಐದು ಸಾವಿರ ರೂಪಗಳಾಗುವುವು. ಸಂಧಿಸ್ಥಾನಗಳಲ್ಲಿ ಅಕ್ಷರಗಳ ಲೋಪಾಗಮಗಳೂ ಸಣ್ಣ ಸರಪಣಿಯ ಭೇದಗಳೂ ಸೇರಿ ಸಂಖ್ಯೆಯು ಕೋಟಿಗಳನ್ನು ಮೀರುತ್ತದೆ. ಟಿ ಕಣಗಳ ಗ್ರಾಹಕಗಳೂ ಹೀಗೆಯೇ ಆಗುತ್ತವೆ. ಆದರೆ ವ್ಯಾಕರಣದಲ್ಲಿ ಅನಿಷ್ಟರೂಪವನ್ನು ಬಾಧಿಸುವ ಸೂತ್ರವಿದೆ. ಇಲ್ಲಿ ಜೋಡಣೆಯು ಯಾದೃಚ್ಛಿಕ. ಆದಕಾರಣ ಸ್ವಂತ ಶರೀರವನ್ನೇ ಶತ್ರುವೆಂದು ಗುರುತಿಸುವ ಕಣಗಳೂ ಹುಟ್ಟಿಯೇ ಹುಟ್ಟುವುವು.

ಅವುಗಳ ಪರೀಕ್ಷಾಸ್ಥಾನವೇ ಥೈಮಸ್ ಗ್ರಂಥಿ. ಎದೆಯೆಲುಬಿನ ಹಿಂದೆ, ಹೃದಯದ ಮೇಲ್ಗಡೆ ಇರುವ ಇದು ಶಿಶುಗಳಲ್ಲಿ ದೊಡ್ಡದಾಗಿದ್ದು, ಯೌವನಾನಂತರ ಕ್ರಮೇಣ ಕುಗ್ಗಿ ಕೊಬ್ಬಾಗುತ್ತದೆ. ಈ ಕಾರಣದಿಂದ ಬಹುಕಾಲ ಇದನ್ನು ನಿಷ್ಪ್ರಯೋಜಕವೆಂದೇ ಎಣಿಸಿದ್ದರು. ೧೯೬೧ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್ ಎಂಬವರು, ಇಲಿಮರಿಗಳು ಹುಟ್ಟಿದೊಡನೆಯೇ ಈ ಗ್ರಂಥಿಯನ್ನು ತೆಗೆದರೆ ಅವುಗಳಲ್ಲಿ ಲಿಂಫಕಣಗಳು ತೀರ ವಿರಳವಾಗುವುವೆಂದೂ, ಅವು ಸೋಂಕಿಗೆ ಸುಲಭವಾಗಿ ತುತ್ತಾಗುವುವೆಂದೂ, ಅನ್ಯಜಾತಿಯ ಇಲಿಯ ಚರ್ಮವನ್ನು ಕಸಿಮಾಡಿದರೆ ತಿರಸ್ಕರಿಸಲಾರವೆಂದೂ ತೋರಿಸಿದರು. ಮಜ್ಜೆಯಲ್ಲಿ ಹುಟ್ಟಿ ಇಲ್ಲಿಗೆ ಬಂದು ಬೆಳೆಯುವ ಕಣಗಳಲ್ಲಿ ನೂರಕ್ಕೆ ೯೫ಕ್ಕೂ ಮಿಗಿಲಾದುವು ಹೊರಗೆ ಬಾರದೆ ಇಲ್ಲಿಯೇ ಅಳಿಯುತ್ತವೆ. ಏನನ್ನೂ ಗುರುತಿಸಲಾರದುವು ನಿರುಪಯುಕ್ತವೆಂದು ಅಳಿಯುವುವು. ಸ್ವದೇಹದ ವಸ್ತುವನ್ನು ಬಿಗಿಯಾಗಿ ಹಿಡಿಯುವುವು ಅಪಾಯಕರವೆಂದು ಅಳಿಯುವುವು. ನಮ್ಮ ಯಾವ ಪಾಠಶಾಲೆಯ ಪರೀಕ್ಷೆಯೂ ಇಷ್ಟು ನಿಷ್ಠುರವಾಗಿರಲಿಲ್ಲ!

ಎದೆಯ ಗ್ರಂಥಿಯಲ್ಲಿರುವ ಕಣವು ಯಕೃತ್ತಿನ ಅಥವಾ ಮೇದೋಜೀರಕಾಂಗದ ವಸ್ತುವನ್ನು ಕಾಣುವುದೆಲ್ಲಿ? ೧೯೯೭ರಲ್ಲಿ ಪತ್ತೆಯಾದ ‘ಏರ್’ ಎಂಬ ಜೀನು ಇದಕ್ಕೆ ಉತ್ತರವಾಯಿತು. ಇದರ ಪ್ರೇರಣೆಯಿಂದ ಥೈಮಸ್ಸಿನ ಕೆಲವು ಕಣಗಳು ಬೇರೆ ಬೇರೆ ಅಂಗಗಳ ಪ್ರೋಟೀನುಗಳನ್ನು, ಇನ್ಸುಲಿನನ್ನು ಸಹ, ಅಲ್ಪಸ್ವಲ್ಪವಾಗಿ ತಯಾರಿಸಿ ಎಳೆಯ ಟಿ ಕಣಗಳಿಗೆ ಪರಿಚಯಮಾಡಿಸುತ್ತವೆ. ಇಡೀ ಶರೀರದ ಒಂದು ನಿಘಂಟನ್ನೇ ಅಲ್ಲಿ ತೆರೆದಿಟ್ಟಂತೆ. ಈ ಜೀನು ಕೆಟ್ಟು ಹುಟ್ಟಿದವರಲ್ಲಿ ಹಲವು ಗ್ರಂಥಿಗಳು ಸ್ವಂತ ರಕ್ಷಕರಿಂದಲೇ ನಾಶವಾಗುತ್ತವೆ.

ಇಷ್ಟರಿಂದ ವಿಷಯವು ಮುಗಿಯಿತೆಂದೇ ಬಹುಮಂದಿ ಭಾವಿಸಿದ್ದರು. ಆದರೆ ಜಪಾನಿನಲ್ಲಿ ೧೯೬೯ರಲ್ಲಿ ಪ್ರಕಟವಾಗಿದ್ದ ಒಂದು ಪ್ರಯೋಗವು ಲೆಕ್ಕಕ್ಕೆ ಹೊಂದದೆ ಉಳಿದಿತ್ತು. ಹುಟ್ಟಿದೊಡನೆ ತೆಗೆಯುವ ಬದಲು ಮೂರನೆಯ ದಿನ ಥೈಮಸ್ಸನ್ನು ತೆಗೆದರೆ ಹೆಣ್ಣಿಲಿಗಳ ಅಂಡಾಶಯವು ನಾಶವಾಗುತ್ತಿತ್ತು. ರಕ್ಷಣೆಯು ಕುಂದುವುದಕ್ಕೆ ಬದಲಾಗಿ ರಕ್ಷಕರೇ ಮದಿಸಿ ಸ್ವಂತ ಅಂಗಗಳ ಮೇಲೆ ಬೀಳುತ್ತಿದ್ದರೆಂದು ಮುಂದೆ ತಿಳಿಯಿತು. ಶಿಮೋನ್ ಸಕಾಗುಚಿ ಎಂಬವರು ಈ ಎಳೆಯನ್ನು ಹಿಡಿದರು. ಆರೋಗ್ಯವಂತ ಇಲಿಗಳ ಟಿ ಕಣಗಳನ್ನು ಅಂತಹ ಇಲಿಗಳಿಗೆ ಕೊಟ್ಟರೆ ವ್ಯಾಧಿಯು ತಡೆಯುತ್ತಿತ್ತು. ಹಾಗಾದರೆ ಟಿ ಕಣಗಳಲ್ಲಿಯೇ ಉಳಿದವನ್ನು ಸಂಯಮದಲ್ಲಿಡುವ ಒಂದು ವರ್ಗವಿರಬೇಕು; ಅದು ಥೈಮಸ್ಸಿನಿಂದ ಸ್ವಲ್ಪ ತಡವಾಗಿ ಹೊರಡುವುದರಿಂದ ಮೂರನೆಯ ದಿನದ ಶಸ್ತ್ರಕ್ಕೆ ಸಿಕ್ಕುತ್ತಿರಬೇಕು. ಈ ಊಹೆಯನ್ನು ಹೇಳಲು ಅದು ಒಳ್ಳೆಯ ಕಾಲವಾಗಿರಲಿಲ್ಲ. ೧೯೭೦ರ ದಶಕದಲ್ಲಿ ‘ಸಪ್ರೆಸರ್’ ಎಂಬ ಹೆಸರಿನಿಂದ ಇಂತಹುದೇ ಕಣಗಳನ್ನು ಹೇಳಿ, ಅವಕ್ಕೆ ಆಧಾರವೆಂದ ಜೀನು ಹೇಳಿದ ಸ್ಥಳದಲ್ಲಿ ಇಲ್ಲವೇ ಇಲ್ಲವೆಂದು ೧೯೮೦ರ ದಶಕದಲ್ಲಿ ತಿಳಿದುಬಂದು, ಆ ಶಬ್ದವೇ ಅಪಹಾಸ್ಯಕ್ಕೀಡಾಗಿತ್ತು. ಶಬ್ದದೊಡನೆ ಅರ್ಥವನ್ನೂ ಹೊರಗೆ ಹಾಕಿದ್ದರು. ಸಕಾಗುಚಿಯವರು ಹತ್ತು ವರ್ಷಕ್ಕೂ ಮಿಕ್ಕು ಶ್ರಮಿಸಿ, ಆ ಕಣಗಳ ಮೈಮೇಲಿನ ಒಂದು ಗುರುತನ್ನು ೧೯೯೫ರಲ್ಲಿ ಪ್ರಕಟಿಸಿದರು. ಅವಕ್ಕೀಗ ‘ರೆಗ್ಯುಲೇಟರಿ’ ಎಂದು ಹೆಸರು.

ಇನ್ನೊಂದು ದಾರಿಯು ಅಮೆರಿಕದಲ್ಲಿ ತೆರೆಯಿತು. ಟೆನೆಸೀ ಪ್ರಾಂತದ ಓಕ್ ರಿಜ್ಜಿನಲ್ಲಿ ೧೯೪೦ರ ದಶಕದಲ್ಲಿ ಕಾಣಿಸಿಕೊಂಡ ಒಂದು ಇಲಿಯ ವಂಶದಲ್ಲಿ ಗಂಡುಮರಿಗಳು ಹೊಪ್ಪಳೆ ಏಳುವ ಚರ್ಮದಿಂದಲೂ ಊದಿದ ಪ್ಲೀಹದಿಂದಲೂ ಕೂಡಿ ಕೆಲವೇ ವಾರಗಳಲ್ಲಿ ಸಾಯುತ್ತಿದ್ದುವು. ಮೇರಿ ಬ್ರಂಕೋ, ಫ್ರೆಡ್ ರ‍್ಯಾಮ್ಸ್‌ಡೆಲ್ ಎಂಬಿಬ್ಬರು ದೋಷವನ್ನು ಎಕ್ಸ್ ವರ್ಣತಂತುವಿನ ಒಂದು ಭಾಗಕ್ಕೆ ಸಂಕೋಚಿಸಿ, ಅಲ್ಲಿಯ ೨೦ ಜೀನುಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ದೋಷವು ಸಿಕ್ಕಿದುದು ಕೊನೆಯದರಲ್ಲಿ. ಅದಕ್ಕೆ ‘ಫಾಕ್ಸ್‌ಪಿ-೩’ ಎಂದು ಹೆಸರಾಯಿತು. ಮನುಷ್ಯರಲ್ಲಿ ಅದೇ ಜೀನು ಕೆಟ್ಟ ಗಂಡುಶಿಶುಗಳಿಗೆ ಹುಟ್ಟಿದ ಸ್ವಲ್ಪಕಾಲದಲ್ಲಿಯೇ ತಡೆಯಿಲ್ಲದ ಅತಿಸಾರ, ಮಧುಮೇಹ, ಚರ್ಮರೋಗಗಳು ಬರುವುವೆಂದು ೨೦೦೧ರಲ್ಲಿ ಸಿದ್ಧವಾಯಿತು. ಚಿಕಿತ್ಸೆಯಿಲ್ಲದಿದ್ದರೆ ಬಹುಮಂದಿ ಬಾಲ್ಯದಲ್ಲಿಯೇ ತೀರಿಕೊಳ್ಳುವರು. ಈ ಶಿಶುಗಳಲ್ಲಿ ‘ಶಕ್ತಿ’ಗೆ ಏನೂ ಕೊರತೆಯಿಲ್ಲವೆಂಬುದನ್ನು ಗಮನಿಸಬೇಕು. ೨೦೦೩ರಲ್ಲಿ ಎರಡು ದಾರಿಗಳೂ ಕೂಡಿಕೊಂಡವು: ಸಕಾಗುಚಿಯವರ ಕಣಗಳನ್ನು ರೂಪಿಸುವ ಜೀನೇ ಇದು. ಮೂವರಿಗೂ ಕೂಡಿ ೨೦೨೫ರ ಪಾರಿತೋಷಕವು ದೊರೆಯಿತು.

ಹಾಗೆಂದು ಸಂಯಮವು ಹೆಚ್ಚಿದಷ್ಟೂ ಒಳಿತೆಂದು ತಿಳಿಯತಕ್ಕದ್ದಲ್ಲ. ಅರ್ಬುದದ ಗಂಟು ಈ ಕಣಗಳನ್ನು ತನ್ನ ಸುತ್ತ ಕೂಡಿಹಾಕಿಕೊಂಡು ರಕ್ಷಕರಿಂದ ತಪ್ಪಿಸಿಕೊಳ್ಳುವುದುಂಟು. ಅಲ್ಲಿ ಅವನ್ನು ಕಡಮೆಮಾಡುವುದಕ್ಕೂ, ಅಂಗಗಳನ್ನು ಕಸಿಮಾಡಿದವರಲ್ಲಿಯೂ ಸ್ವದೇಹದ್ರೋಹದ ವ್ಯಾಧಿಗಳುಳ್ಳವರಲ್ಲಿಯೂ ಅವನ್ನು ಹೆಚ್ಚಿಸುವುದಕ್ಕೂ ಪ್ರಯೋಗಗಳು ನಡೆಯುತ್ತಿವೆ. ‘ವ್ಯಾಧಿಕ್ಷಮತ್ವ’ವೆಂಬ ಹೆಸರಿನಲ್ಲಿ ಸಾಮರ್ಥ್ಯ, ಸಹನೆ ಎರಡಕ್ಕೂ ಎಡೆಯಿರುವುದರಿಂದ ಇಡೀ ವ್ಯವಸ್ಥೆಗೆ ಅದನ್ನೂ, ಅದರ ಅಂಗವಾದ ‘ಟಾಲರೆನ್ಸ್’ ಎಂಬುದಕ್ಕೆ ‘ಸ್ವಸಹಿಷ್ಣುತೆ’ಯನ್ನೂ, ಸಕಾಗುಚಿಯವರ ಕಣಗಳಿಗೆ ‘ನಿಯಾಮಕ ಟಿ ಕಣ’ವೆಂಬುದನ್ನೂ ಶಬ್ದಕೋಶದ ಸಂಪಾದಕರು ಪರಿಶೀಲಿಸಬಹುದು. ‘ದಮನಕಾರಿ’ ಎಂಬುದು ಮಾತ್ರ ಬೇಡ. ಅದು ಕೈಬಿಟ್ಟ ‘ಸಪ್ರೆಸರ್’ ಶಬ್ದದ ಅನುವಾದವಾಗುತ್ತದೆ.